ಹತ್ತನೇ ರೋಜಾದ ಬೆಳಗ್ಗೆ

ಜನವರಿ 19, ಭಾನುವಾರ

ಈ ಪುಸ್ತಕ ಅಳತೆ ಬರೆದುಕೊಳ್ಳಲು ತಂದದ್ದು. ಮುಂದಿನ ಪುಟಗಳಲ್ಲಿ ಗಿರಾಕಿಗಳ ಎದೆ ಸುತ್ತಳತೆ, ತೋಳುದ್ದ ಇದೆ. ಹಿಂದಿನಿಂದ ತಿರುಗಿಸಿ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಯಾರೂ ಅಳತೆ ಪುಸ್ತಕ ಮುಟ್ಟುವುದಿಲ್ಲ. ಮನೆಯಲ್ಲಿ ಆಡುವುದು ಉರ್ದುವಾದರೂ ನಾನು ಓದಿದ್ದು ಕನ್ನಡ ಮೀಡಿಯಂ, ಪೆನ್ನು ಹಿಡಿದರೆ ಬರುವುದು ಕನ್ನಡವೇ. ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡರೆ ಕೆಲಸ ಕೆಡುತ್ತಿದೆ. ಇವತ್ತು ಬೆಳಗ್ಗೆ ಒಂದು ಬ್ಲೌಸಿಗೆ ಎರಡೂ ಎಡಗೈ ತೋಳನ್ನೇ ಕತ್ತರಿಸಿದೆ. ಇಪ್ಪತ್ತು ವರ್ಷದ ಹೊಲಿಗೆಯಲ್ಲಿ ಹೀಗಾಗಿರಲಿಲ್ಲ.

ನಿನ್ನೆ ಬೆಂಗಳೂರಿಗೆ ಹೋಗಿದ್ದೆವು. ನಾನು, ತಮ್ಮ ಜೀಶಾನ್, ಅವನ ಹೆಂಡತಿ ಸಿದ್ರಾ. ಜೀಶಾನನಿಗೆ ಹನ್ನೊಂದನೇ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂತು. ವಯಸ್ಸಾದವರಿಗೆ ಬರುವಂಥದ್ದಲ್ಲ, ಅವನ ಪ್ಯಾಂಕ್ರಿಯಾಸ್ ಇನ್ಸುಲಿನ್ ಮಾಡುವುದನ್ನೇ ನಿಲ್ಲಿಸಿಬಿಟ್ಟಿತು. ಅವತ್ತಿನಿಂದ ದಿನಕ್ಕೆ ನಾಲ್ಕು ಸೂಜಿ. ಅಮ್ಮಿಯ ಕೈ ನಡುಗುತ್ತಿದ್ದದ್ದರಿಂದ ಮೊದಲ ವರ್ಷ ಚುಚ್ಚಿದ್ದು ನಾನೇ. ನನ್ನ ನಿಕಾಹ್ ದಿನ ಬೆಳಗ್ಗೆ ಯಾರಿಗೂ ಪುರುಸೊತ್ತಿರಲಿಲ್ಲ, ಅವನೇ ಮೂಲೆಯಲ್ಲಿ ಕೂತು ಮೊದಲ ಸಲ ಚುಚ್ಚಿಕೊಂಡ. ಈಗ ಅವನಿಗೆ ಮೂವತ್ತಮೂರು, ಕುಣಿಗಲ್ಲಿನಲ್ಲಿ ಬೈಕ್ ಸೀಟು ಹೊಲಿಯುವ ಅಂಗಡಿ ಇಟ್ಟಿದ್ದಾನೆ. ಎರಡೂ ಕಿಡ್ನಿ ಹೋಗಿವೆ. ನವೆಂಬರಿನಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್.

ಡಾಕ್ಟರು ಅರ್ಧ ಗಂಟೆ ಬಿಡಿಸಿ ಹೇಳಿದರು. ಮನೆಯವರು ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಅದನ್ನು ಹಾಕಬಹುದು. ಇಲ್ಲವೇ ಮೆದುಳು ನಿಂತುಹೋದವರಿಂದ ಕಿಡ್ನಿ, ಪ್ಯಾಂಕ್ರಿಯಾಸ್ ಎರಡನ್ನೂ ತೆಗೆದು ಒಟ್ಟಿಗೆ ಹಾಕಬಹುದು, ಅದಕ್ಕೆ ಪಟ್ಟಿಯಲ್ಲಿ ಕಾಯಬೇಕು. ಇನ್ನೂ ಏನೇನೋ ಹೇಳಿದರು.

ಆಮೇಲೆ ಯಾರು ಕೊಡುತ್ತೀರಿ ಎಂದು ಕೇಳಿದರು. ಜೀಶಾನನ ರಕ್ತ ಓ, ಸಿದ್ರಾಳದು ಬಿ, ಹೊಂದುವುದಿಲ್ಲ. ಅಮ್ಮಿಗೆ ಅರವತ್ತಾದ ಮೇಲೆ ಬಂದ ಸಕ್ಕರೆ ಇದೆ. ಅಬ್ಬಾ ಇಲ್ಲ. ಸಿದ್ರಾ ಗೋಡೆಯ ಮೇಲಿನ ಕಿಡ್ನಿ ಚಿತ್ರ ನೋಡುತ್ತ ಕೂತಳು. ನನ್ನದು ಓ. ಟೆಸ್ಟ್ ಮಾಡಿಸುತ್ತೇನೆ ಎಂದೆ. ಅನ್ನಲೇಬೇಕಲ್ಲ.

ಜನವರಿ 21, ಮಂಗಳವಾರ

ಇವತ್ತು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಒಂದು ಹಾಳೆಯ ನಡುವೆ ಗೆರೆ ಹಾಕಿ ಎರಡನ್ನೂ ಪಕ್ಕಪಕ್ಕ ಬರೆದೆ.

ಎಡಗಡೆ, ನಾನು ಕೊಡುವ ಕಿಡ್ನಿ. ಎರಡು ಮೂರು ತಿಂಗಳಲ್ಲಿ ಆಗಿಹೋಗುತ್ತದೆ. ಬದುಕಿರುವವರ ಕಿಡ್ನಿ ಹೆಚ್ಚು ವರ್ಷ ಬಾಳುತ್ತದಂತೆ. ಆಪರೇಷನ್ ಚಿಕ್ಕದು. ಆದರೆ ಇನ್ಸುಲಿನ್ ತಪ್ಪುವುದಿಲ್ಲ. ಹಳೆಯ ಕಿಡ್ನಿ ತಿಂದ ಸಕ್ಕರೆ ಹೊಸದನ್ನೂ ಮೆಲ್ಲಗೆ ತಿನ್ನಬಹುದು. ಸಕ್ಕರೆ ಇಳಿದು ಬೀಳುವುದೂ ಹಾಗೇ ಇರುತ್ತದೆ.

ಬಲಗಡೆ, ಎರಡೂ ಒಟ್ಟಿಗೆ. ಆಪರೇಷನ್ ದೊಡ್ಡದು. ಹೊಸ ಪ್ಯಾಂಕ್ರಿಯಾಸ್ ಎಲ್ಲರಿಗೂ ನಿಲ್ಲುವುದಿಲ್ಲ. ಕೆಲವರಿಗೆ ಮೊದಲ ವಾರವೇ ರಕ್ತ ಹೆಪ್ಪುಗಟ್ಟಿ ತೆಗೆಯಬೇಕಾಗುತ್ತದೆ. ಎಷ್ಟು ದಿನ ಕಾಯಬೇಕೋ ಯಾರೂ ಹೇಳಲಾರರು. ಆದರೆ ನಿಂತರೆ ಸೂಜಿಯೇ ಇಲ್ಲ, ಕಿಡ್ನಿಗೂ ಕಾವಲು. ಅಮ್ಮಿಯಂಥ ಮುಪ್ಪಿನ ಸಕ್ಕರೆಯವರಿಗೆ ಸಾಮಾನ್ಯವಾಗಿ ಇದನ್ನು ಮಾಡುವುದಿಲ್ಲವಂತೆ, ಜೀಶಾನನಂಥವರಿಗೇ ಇದು. ಎರಡೂ ಕಡೆಯಲ್ಲಿ ಜೀವನಪೂರ್ತಿ ಮಾತ್ರೆ ಇದ್ದದ್ದೇ.

ಯಾರು ನೋಡಿದರೂ ಬಲಗಡೆಯದೇ ಒಳ್ಳೆಯದು ಅನ್ನುತ್ತಾರೆ. ಇಪ್ಪತ್ತೆರಡು ವರ್ಷ ಚುಚ್ಚಿಕೊಂಡಿದ್ದಾನೆ, ಸಾಲದೇ? ಅರ್ಧ ರಿಪೇರಿ ಯಾಕೆ ಮಾಡಿಸಬೇಕು? ನಾನು ಕೊಡುವುದಿಲ್ಲ ಅಂತಲ್ಲ. ಅವನ ಒಳ್ಳೆಯದಕ್ಕೆ ಯೋಚಿಸುತ್ತಿದ್ದೇನೆ.

ಫೋನಿನಲ್ಲಿ ಜೀಶಾನನಿಗೆ ಎಲ್ಲ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ನಿನಗೆ ಹೇಗೆ ಸರಿ ಕಾಣುತ್ತದೋ ಹಾಗೆ ಆಪಾ ಎಂದ. ಚಿಕ್ಕಂದಿನಿಂದಲೂ ಹೀಗೇ. ಇವನ ಜಾಗದಲ್ಲಿ ನಾನಾಗಿದ್ದರೆ ನೂರು ಪ್ರಶ್ನೆ ಕೇಳುತ್ತಿದ್ದೆ.

ಫೆಬ್ರವರಿ 2, ಭಾನುವಾರ

ಚೇಳೂರಿಗೆ ಹೋಗಿ ಬಂದೆ. ಆಸ್ಪತ್ರೆಯಲ್ಲಿ ಕಸಿಯವರನ್ನೆಲ್ಲ ನೋಡಿಕೊಳ್ಳುವ ಪ್ರೇಮಲತಾ ಅನ್ನುವವರು, ಎರಡೂ ಒಟ್ಟಿಗೆ ಹಾಕಿಸಿಕೊಂಡವರೊಬ್ಬರು ನಿಮ್ಮ ಕಡೆಯೇ ಇದ್ದಾರೆ, ಮಾತಾಡಿ ಎಂದು ನಂಬರ್ ಕೊಟ್ಟಿದ್ದರು. ಗುಬ್ಬಿಗೆ ಒಂದು ಬಸ್ಸು, ಅಲ್ಲಿಂದ ಚೇಳೂರಿಗೆ ಇನ್ನೊಂದು. ಎರಡನೆಯದರಲ್ಲಿ ತೆಂಗಿನಕಾಯಿ ಮೂಟೆಗಳ ನಡುವೆ ನಿಂತೇ ಹೋದೆ.

ರಂಗನಾಥ್ ಅಂತ ಅವರ ಹೆಸರು, ನನ್ನ ವಯಸ್ಸೇ ಇರಬೇಕು. ಪಂಚಾಯಿತಿಯಲ್ಲಿ ಕೆಲಸ. ಕಾಫಿ ಬಂದಾಗ ನನ್ನೆದುರೇ ತಮ್ಮ ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಂಡು ನಿಧಾನವಾಗಿ ಕಲಕಿದರು. ಮೂರು ವರ್ಷವಾಯಿತಂತೆ ಸೂಜಿ ಬಿಟ್ಟು.

ಕೇಳಿದ್ದಕ್ಕೆಲ್ಲ ಮುಚ್ಚುಮರೆ ಇಲ್ಲದೆ ಹೇಳಿದರು. ಎರಡು ವರ್ಷ ಎರಡು ತಿಂಗಳು ಕಾದಿದ್ದರು. ಎರಡು ಸಲ ಕರೆದು ವಾಪಸ್ ಕಳಿಸಿದ್ದರು, ಮೂರನೇ ಸಲಕ್ಕೆ ಸಿಕ್ಕಿತು. ಆರನೇ ದಿನ ಒಳಗೆ ರಕ್ತ ಸೋರಿ ಹೊಟ್ಟೆಯನ್ನು ಮತ್ತೆ ತೆರೆದರು. ಈಗ ಬೆಳಗ್ಗೆ ಎಂಟು, ರಾತ್ರಿ ಎಂಟಕ್ಕೆ ಮಾತ್ರೆ, ಒಂದು ಹೊತ್ತೂ ತಪ್ಪಿಸುವಂತಿಲ್ಲ.

"ಸಕ್ರೆ ಇಳ್ದು ಎಲ್ಲಿ ಬೀಳ್ತೀನೋ ಅನ್ನೋ ಭಯ ಹೋಯ್ತು ನೋಡಿ ಮೇಡಂ, ನಂಗೆ ಅಷ್ಟೇ ಸಾಕು. ಆದ್ರೆ ನಮ್ಮನೇಲಿ ಕೊಡೋರು ಯಾರೂ ಇರ್ಲಿಲ್ಲ, ಅದ್ಕೇ ಕಾದೆ. ನನ್ ಜೊತೆ ಪಟ್ಟೀಲಿದ್ದೋರು ಇಬ್ರು ಕಾಯ್ತಾ ಕಾಯ್ತಾನೇ ಹೋಗ್ಬುಟ್ರು. ನಿಮ್ ತಮ್ಮಂಗೆ ಕೊಡೋರು ಯಾರಾದ್ರೂ ಇದಾರಾ?"

"ನೋಡ್ತಾ ಇದೀವಿ" ಎಂದೆ.

ಅವರ ತಂದೆ ವೆಂಕಟರಂಗಯ್ಯನವರು ನಾನು ಹೊರಡುವಾಗ ನಾಲ್ಕು ತೆಂಗಿನಕಾಯಿ ಚೀಲಕ್ಕೆ ಹಾಕಿಕೊಟ್ಟರು. ಬಸ್ಸಿನಲ್ಲಿ ಕೂತು ಹಾಳೆ ತೆಗೆದು ಬಲಗಡೆ ಬರೆದುಕೊಂಡೆ: ಮೂರು ವರ್ಷದಿಂದ ಸೂಜಿ ಇಲ್ಲ. ಉಳಿದದ್ದೆಲ್ಲ ಒಬ್ಬೊಬ್ಬರ ಮೈಗೆ ಒಂದೊಂದು ಥರ, ಬರೆಯಲಿಲ್ಲ.

ಫೆಬ್ರವರಿ 14, ಶುಕ್ರವಾರ

ಆಸ್ಪತ್ರೆಯಿಂದ ಫಾರಂ ಬಂತು. ಹೆಂಡತಿ ಕಿಡ್ನಿ ಕೊಡುವುದಾದರೆ ಗಂಡನ ಒಪ್ಪಿಗೆಯೂ ಬೇಕಂತೆ. ಇವರು ಹಾರ್ಡ್‌ವೇರ್ ಅಂಗಡಿಯಿಂದ ಊಟಕ್ಕೆ ಬಂದಾಗ ಮುಂದಿಟ್ಟೆ. ಕೈ ತೊಳೆದು ಒರೆಸಿಕೊಂಡು, ಓದದೆಯೇ 'ಖಲೀಲುಲ್ಲಾ' ಎಂದು ಸಹಿ ಹಾಕಿದರು. ಏನನ್ನಿಸುತ್ತದೆ ಎಂದು ಕೇಳಿದೆ. ನಿನ್ನ ತಮ್ಮ, ನಿನ್ನ ಮೈ, ನಾನೇನು ಹೇಳಲಿ ಎಂದು ಅನ್ನ ಕಲಸಿಕೊಂಡರು.

ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಮೈ ಉರಿದುಹೋಯಿತು, ಯಾಕೆಂದು ಗೊತ್ತಿಲ್ಲ.

ಎರಡನೇ ಹೆರಿಗೆಯಲ್ಲಿ ಹೊಟ್ಟೆ ಕೊಯ್ದಾಗ ರಕ್ತ ನಿಲ್ಲದೆ ನಾನು ಹೋಗಿಯೇಬಿಟ್ಟೆ ಅಂದುಕೊಂಡಿದ್ದರು ಎಲ್ಲರೂ. ಇವರು ಏಳು ಗಂಟೆ ಕಾರಿಡಾರಿನಲ್ಲಿ ನಿಂತೇ ಇದ್ದರಂತೆ. ಅದು ಹದಿನಾಲ್ಕು ವರ್ಷದ ಹಿಂದಿನ ಮಾತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮಾರ್ಚ್ 2, ಭಾನುವಾರ

ರಂಜಾನ್ ಉಪವಾಸ ಶುರುವಾಯಿತು, ಇವತ್ತು ಮೊದಲ ರೋಜಾ. ಹಬ್ಬದ ಆರ್ಡರ್ ಈಗಲೇ ನಲವತ್ತಾರು. ಹದಿನೈದನೇ ರೋಜಾ ಆದ ಮೇಲೆ ಬಟ್ಟೆ ತೆಗೆದುಕೊಳ್ಳುವುದಿಲ್ಲ ಎಂದು ಬೋರ್ಡು ಹಾಕಿದೆ. ನನ್ನ ರಕ್ತ, ಮೂತ್ರ, ಸ್ಕ್ಯಾನ್ ಎಲ್ಲ ಸರಿಯಿದೆಯಂತೆ. ಇನ್ನೊಂದು ಸಕ್ಕರೆ ಟೆಸ್ಟ್ ಉಳಿದಿದೆ: ಬರಿಹೊಟ್ಟೆಯಲ್ಲಿ ಒಂದು ಸಲ ರಕ್ತ, ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆಯ ಮೇಲೆ ಮತ್ತೊಂದು ಸಲ. ನಮ್ಮದು ಸಕ್ಕರೆಯ ಮನೆಯಾದ್ದರಿಂದ ಇದು ಸರಿಯಾಗಿ ಬರಲೇಬೇಕಂತೆ. ಅದನ್ನು ಇಲ್ಲೇ ತುಮಕೂರಿನ ಲ್ಯಾಬಿನಲ್ಲಿ ಮಾಡಿಸಬಹುದು. ಮುಂದಕ್ಕೆ ಹಾಕುತ್ತಿದ್ದೇನೆ. ಎಲ್ಲಿದೆ ಸಮಯ?

ಮಾರ್ಚ್ 11, ಮಂಗಳವಾರ

ಹತ್ತನೇ ರೋಜಾ, ಆದರೆ ನಾನು ಇವತ್ತು ಹಿಡಿಯಲಿಲ್ಲ, ಟೆಸ್ಟಿತ್ತು. ಹಬ್ಬದ ಮೇಲೆ ತೀರಿಸಿದರಾಯಿತು. ಹತ್ತು ಗಂಟೆ ನೀರು ಬಿಟ್ಟು ಏನೂ ಮುಟ್ಟಬಾರದು ಎಂದು ಚೀಟಿಯಲ್ಲಿ ಬರೆದಿತ್ತು. ಚೀಟಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದೆ.

ನಾಲ್ಕೂಕಾಲಿಗೆ ಎದ್ದು ಎಲ್ಲರಿಗೂ ರೋಜಾಕ್ಕೆ ಮುಂಚೆ ಉಣ್ಣುವ ಸಹರಿ ಮಾಡಿದೆ. ಚಪಾತಿ, ಕೀಮಾ, ಸ್ವಲ್ಪ ಶೀರಾ. ಶೀರಾ ಚೆನ್ನಾಗಿ ಬಂದಿತ್ತು, ತುಪ್ಪ ಒಂದು ಚೂರು ಜಾಸ್ತಿ. ದಿನಾ ಕೂರುವ ಹಾಗೆ ಕೂತೆ. ಇವರು ಖರ್ಜೂರದ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಅಜಾನ್ ಆಗುವಷ್ಟರಲ್ಲಿ ಟೀ ಮುಗಿಸಿದೆವು.

ಎಂಟಕ್ಕೆ ಲ್ಯಾಬಿನಲ್ಲಿದ್ದೆ. ಬರಿಹೊಟ್ಟೆಯಾ ಎಂದು ಹುಡುಗಿ ಕೇಳಿದಳು. ಹೂಂ ಎಂದೆ. ಗ್ಲೂಕೋಸ್ ನೀರು ಕುಡಿದರೆ ವಾಂತಿ ಬರುವ ಹಾಗಾಗುತ್ತದೆ. ಎರಡು ಗಂಟೆ ಕೂತಿದ್ದು ಎರಡು ಕುರ್ತಾಗೆ ಹೆಮ್ಮಿಂಗ್ ಮುಗಿಸಿದೆ.

ಮಾರ್ಚ್ 13, ಗುರುವಾರ

ಪ್ರೇಮಲತಾ ಫೋನ್ ಮಾಡಿದ್ದರು. ಬರಿಹೊಟ್ಟೆಯದು ನೂರ ಹದಿನೆಂಟು, ಎರಡು ಗಂಟೆಯದು ನೂರ ನಲವತ್ತೊಂಬತ್ತು. ಸಕ್ಕರೆ ಕಾಯಿಲೆ ಅಲ್ಲ, ಆದರೆ ಅಂಚಿನಲ್ಲಿದೆ. ಮೂರು ತಿಂಗಳ ಸರಾಸರಿ ಸರಿಯಿದ್ದರೂ, ತಾಯಿಗೂ ತಮ್ಮನಿಗೂ ಇರುವುದರಿಂದ ಇಂಥವರ ಕಿಡ್ನಿ ತೆಗೆಯಲು ಡಾಕ್ಟರು ಒಪ್ಪುವುದಿಲ್ಲ ಎಂದರು.

"ಹತ್ ಗಂಟೆ ಏನೂ ತಿಂದಿರ್ಲಿಲ್ಲ ಅಲ್ವಾ ಮೇಡಂ?"

"ಇಲ್ಲ" ಎಂದೆ.

ಬೇಕಿದ್ದರೆ ಹಬ್ಬದ ಮೇಲೆ ಇನ್ನೊಂದು ಸಲ ಮಾಡಿಸಬಹುದು ಎಂದರು. ಬೇಕಿದ್ದರೆ. ಸದ್ಯಕ್ಕೆ ಜೀಶಾನನ ಹೆಸರನ್ನು ಎರಡಕ್ಕೂ ಒಟ್ಟಿಗೆ ಪಟ್ಟಿಗೆ ಹಾಕುತ್ತಾರೆ.

ಆಗುವುದೆಲ್ಲ ಒಳ್ಳೆಯದಕ್ಕೇ. ಬಲಗಡೆಯದೇ ಸರಿ ಎಂದು ನಾನು ಜನವರಿಯಲ್ಲೇ ಬರೆದಿದ್ದೆ.

ಮಾರ್ಚ್ 14, ಶುಕ್ರವಾರ

ನಿನ್ನೆ ಇಫ್ತಾರ್ ಆದ ಮೇಲೆ ಕುಣಿಗಲ್ಲಿಗೆ ಫೋನ್ ಮಾಡಿ ಹೇಳಿದೆ. ಸಿದ್ರಾ ಅತ್ತಳು. ಜೀಶಾನ್ ನನಗೇ ಸಮಾಧಾನ ಹೇಳಿದ. ನಮ್ಮ ಮನೆಯ ರಕ್ತವೇ ಸಿಹಿ, ನೀನೇನು ಮಾಡುತ್ತೀಯ, ಮೊದಲು ನಿನ್ನ ಆರೋಗ್ಯ ನೋಡಿಕೋ ಎಂದ. ಅಮ್ಮಿ ಫೋನ್ ಕಿತ್ತುಕೊಂಡು ಬೆಳಗ್ಗೆ ಮೆಂತ್ಯ ನೆನೆಸಿದ ನೀರು, ರಾತ್ರಿಗೆ ರಾಗಿ ಮುದ್ದೆ, ಬಿಳಿ ಅನ್ನ ಬಿಡು ಎಂದು ಹತ್ತು ನಿಮಿಷ ಹೇಳಿದರು. ರಾತ್ರಿ ಗಡದ್ದಾಗಿ ನಿದ್ದೆ ಬಂತು. ತಿಂಗಳಾಗಿತ್ತು ಹಾಗೆ ಮಲಗಿ.

ಮಾರ್ಚ್ 31, ಸೋಮವಾರ

ಈದ್. ಹಬ್ಬಕ್ಕೆ ಕುಣಿಗಲ್ಲಿಗೆ ಹೋದೆವು. ಜೀಶಾನ್ ಇನ್ನೂ ಇಳಿದುಹೋಗಿದ್ದಾನೆ. ನಾನೇ ಹೊಲಿದುಕೊಟ್ಟ ಕುರ್ತಾ, ಹೋದ ವರ್ಷದ ಅಳತೆ, ಹೆಗಲ ಮೇಲೆ ನಿಲ್ಲುತ್ತಿರಲಿಲ್ಲ.

ಅಮ್ಮಿ ಶೀರ್ ಖುರ್ಮಾ ಎರಡು ಪಾತ್ರೆಯಲ್ಲಿ ಮಾಡಿದ್ದರು. ದೊಡ್ಡದು ಎಲ್ಲರಿಗೆ. ಚಿಕ್ಕದು ಸಕ್ಕರೆ ಇಲ್ಲದ್ದು, ಜೀಶಾನನಿಗೆ. ಹನ್ನೊಂದನೇ ವಯಸ್ಸಿನಿಂದ ಅದು ಅವನ ಪಾತ್ರೆ. ಈ ಸಲ ನನಗೂ ಅದರಿಂದಲೇ ಬಡಿಸಿದರು. ಬೇಡ ಅಮ್ಮಿ, ಇವತ್ತೊಂದು ದಿನ ಎಂದೆ. ಒಂದು ದಿನ ಒಂದು ದಿನ ಅಂತಲೇ ಹಾಳಾಗೋದು ಎಂದು ಗದರಿದರು. ಜೀಶಾನನಿಗೆ ಡಯಾಲಿಸಿಸ್ ಇರುವುದರಿಂದ ಹಾಲೂ ಅಳತೆ, ನಾಲ್ಕು ಚಮಚವಷ್ಟೇ. ಬಟ್ಟಲು ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತ.

"ಇಷ್ಟ್ ವರ್ಷ ಇದನ್ನ ಒಬ್ನೇ ತಿಂತಿದ್ದೆ ಆಪಾ. ಇವತ್ತು ಜೊತೆ ಸಿಕ್ತು" ಎಂದು ನಕ್ಕ.

ಮಾತು ಬದಲಿಸಲು ಅವನ ಮಗಳ ಫ್ರಾಕಿನ ಝಿಪ್ ನೋಡಿದೆ. ಸಕ್ಕರೆ ಇಲ್ಲದೆ ಅದು ಬರೀ ಶ್ಯಾವಿಗೆ ಗಂಜಿ. ಹೇಗೆ ತಿಂದ ಇಷ್ಟು ವರ್ಷ?

ಏಪ್ರಿಲ್ 17, ಗುರುವಾರ

ಜೀಶಾನ್ ಅಂಗಡಿಯಲ್ಲಿ ಬಿದ್ದ. ಸಕ್ಕರೆ ಮೂವತ್ತೆಂಟಕ್ಕೆ ಇಳಿದಿತ್ತು. ಮೊದಲೆಲ್ಲ ಇಳಿಯುವಾಗ ಬೆವರುತ್ತಿತ್ತು, ನಡುಕ ಬರುತ್ತಿತ್ತು, ಗೊತ್ತಾಗುತ್ತಿತ್ತು; ಈಗ ಗೊತ್ತೇ ಆಗುವುದಿಲ್ಲವಂತೆ. ರೆಗ್ಜಿನ್ ಹೊಲಿಯುತ್ತಿದ್ದವನು ಮಿಷನ್ನಿನ ಮೇಲೇ ಮುಗ್ಗರಿಸಿ ಹಣೆ ಒಡೆದುಕೊಂಡ. ಪಕ್ಕದ ಟೀ ಅಂಗಡಿಯವರು ನೋಡಿ ಬಾಯಿಗೆ ಸಕ್ಕರೆ ಸವರಿದರು. ಆರು ಹೊಲಿಗೆ.

ಇದಕ್ಕೇ ನಾನು ಹೇಳುವುದು, ಪ್ಯಾಂಕ್ರಿಯಾಸ್ ಬೇಕೇ ಬೇಕು ಅಂತ. ಆದರೆ ಕಿಡ್ನಿ ಕೆಟ್ಟಿದ್ದರೆ ಚುಚ್ಚಿದ ಇನ್ಸುಲಿನ್ ಮೈಯಲ್ಲೇ ಹೆಚ್ಚು ಹೊತ್ತು ಉಳಿದು ಇನ್ನೂ ಇಳಿಸುತ್ತದೆ ಎಂದು ಡಯಾಲಿಸಿಸ್ ಡಾಕ್ಟರು ಸಿದ್ರಾಗೆ ಹೇಳಿದರಂತೆ. ಅದು ನನ್ನ ಹಾಳೆಯಲ್ಲಿ ಇರಲಿಲ್ಲ.

ಮೇ 7, ಬುಧವಾರ

ಡಯಾಲಿಸಿಸ್‌ಗೆಂದು ಕೈಯಲ್ಲಿ ಜೋಡಿಸಿದ್ದ ರಕ್ತನಾಳ ಮುಚ್ಚಿಕೊಂಡಿತು. ಈಗ ಕುತ್ತಿಗೆಯಿಂದ ಪೈಪು. ಜ್ವರ ಬೇರೆ. ಪಟ್ಟಿಯಿಂದ ಏನೂ ಸುದ್ದಿ ಇಲ್ಲ.

ಟೀಗೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟಿದ್ದೇನೆ, ಯಾರೂ ಇಲ್ಲದಿರುವಾಗಲೂ.

ಮೇ 18, ಭಾನುವಾರ

ಬೆಳಗ್ಗೆ ಹತ್ತಕ್ಕೆ ಆಸ್ಪತ್ರೆಯಿಂದ ಜೀಶಾನನಿಗೆ ಫೋನ್ ಬಂತು. ಕಿಡ್ನಿ, ಪ್ಯಾಂಕ್ರಿಯಾಸ್ ಎರಡೂ ಇವೆ, ಏನೂ ತಿನ್ನದೆ ಕೂಡಲೇ ಹೊರಡಿ ಅಂತ. ಇಷ್ಟು ಬೇಗ! ಅಮ್ಮಿ ಎರಡು ದಿನದ ಹಿಂದೆ ನಮ್ಮ ಮನೆಗೆ ಬಂದಿದ್ದರು. ಅವರನ್ನು ನಮಾಜಿನ ಚಾಪೆಯ ಮೇಲೆ ಬಿಟ್ಟು ನಾನು ಇಲ್ಲಿಂದ ಓಡಿದೆ, ಅವರಿಬ್ಬರು ಕುಣಿಗಲ್ಲಿನಿಂದ ಕಾರು ಮಾಡಿಕೊಂಡು ಬಂದರು. ನಾನು ಯಾವತ್ತೂ ಅಷ್ಟು ಖುಷಿಯಾಗಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರಿಗೂ ಹೇಳಿದೆ. ಎಲ್ಲ ಸರಿಹೋಯಿತು, ಎಲ್ಲವೂ ತಾನಾಗಿಯೇ ಸರಿಹೋಯಿತು ಅನ್ನಿಸುತ್ತಿತ್ತು.

ನಾಲ್ಕೂವರೆಗೆ ಡಾಕ್ಟರು ಬಂದರು. ಕೊಡುವವರ ಹೊಟ್ಟೆ ತೆರೆದು ನೋಡಿದಾಗ ಪ್ಯಾಂಕ್ರಿಯಾಸ್ ತುಂಬ ಕೊಬ್ಬು ಕಟ್ಟಿತ್ತಂತೆ, ಹಾಕಿದರೆ ನಿಲ್ಲುವುದಿಲ್ಲ. ಕಿಡ್ನಿ ಮಾತ್ರ ಚೆನ್ನಾಗಿದೆ, ಆದರೆ ಬರೀ ಕಿಡ್ನಿಯ ಪಟ್ಟಿಯಲ್ಲಿ ಇವನಿಗಿಂತ ಮುಂದಿರುವವರಿಗೆ ಅದು ಹೋಗುತ್ತದೆ. ಜೀಶಾನ್ ಆಸ್ಪತ್ರೆಯ ನಿಲುವಂಗಿ ಬಿಚ್ಚಿ ಮಡಚಿ ಇಟ್ಟು ತನ್ನ ಅಂಗಿ ಹಾಕಿಕೊಂಡ.

ಅಮ್ಮಿ ಕಾಯುತ್ತಿದ್ದರೆಂದು ಎಲ್ಲರೂ ತುಮಕೂರಿಗೇ ಬಂದೆವು. ಬೆಳಗ್ಗಿನಿಂದ ಖಾಲಿ ಹೊಟ್ಟೆ, ಕ್ಯಾತ್ಸಂದ್ರದಲ್ಲಿ ಇಡ್ಲಿಗೆ ನಿಲ್ಲಿಸಿದರು. ಜೀಶಾನ್ ಬೆರಳು ಚುಚ್ಚಿ ನೋಡಿಕೊಂಡ, ಮೇಜಿನ ಕೆಳಗೆ ಅಂಗಿಯ ಅಂಚು ಎತ್ತಿ ಸೂಜಿ ಚುಚ್ಚಿಕೊಂಡ, ಸಪ್ಪಗಿದ್ದ ನನ್ನ ಮುಖ ನೋಡಿ ಸಮಾಧಾನ ಮಾಡತೊಡಗಿದ.

"ಬೇಜಾರ್ ಮಾಡ್ಕೋಬೇಡ ಆಪಾ. ಡಾಕ್ಟ್ರು ಮೊದಲ್ನೇ ದಿನಾನೇ ಹೇಳಿದ್ರಲ್ಲ, ಮನೆಯೋರ್ ಕಿಡ್ನಿ ಮೊದ್ಲು ಹಾಕ್ಬಿಟ್ಟು, ಪ್ಯಾಂಕ್ರಿಯಾಸ್ ಆಮೇಲೆ ಪಟ್ಟಿಯಿಂದ ಹಾಕ್ಬೋದು, ನಿಂಗೆ ಇದೇ ವಾಸಿ ಅಂತ. ನಿನ್ ಸಕ್ರೆ ಸರಿ ಇದ್ದಿದ್ರೆ ಇಷ್ಟೊತ್ತಿಗೆ ಆಗೋಗಿರೋದು. ಪಾಪ, ನಿನ್ ತಪ್ಪೇನಿದೆ ಇದ್ರಲ್ಲಿ?"

ಇಡ್ಲಿ ತಟ್ಟೆ ಹಾಗೇ ಬಿಟ್ಟೆ.

ಮೇ 20, ಮಂಗಳವಾರ

ಜನವರಿಯ ಪುಟ ತೆಗೆದು ನೋಡಿದೆ. 'ಇನ್ನೂ ಏನೇನೋ ಹೇಳಿದರು' ಎಂದು ಬರೆದಿದ್ದೇನೆ. ಏನೇನೋ ಅಲ್ಲ. ಮೊದಲು ಅಕ್ಕನ ಕಿಡ್ನಿ, ಡಯಾಲಿಸಿಸ್ ನಿಂತು ಮೈ ಸುಧಾರಿಸಿದ ಮೇಲೆ ಪಟ್ಟಿಯಿಂದ ಪ್ಯಾಂಕ್ರಿಯಾಸ್. ಇದು ಮೂರನೆಯದು. ಎರಡು ಆಪರೇಷನ್ ಆಗುತ್ತದೆ, ಆದರೆ ಸಾಯುವ ಭಯದಲ್ಲಿ ಕಾಯಬೇಕಾಗಿಲ್ಲ. ಡಾಕ್ಟರು ನನ್ನ ಮುಖ ನೋಡಿಯೇ ಇದನ್ನು ಎರಡು ಸಲ ಹೇಳಿದ್ದರು. ನಾನು ಹಾಳೆಯಲ್ಲಿ ಗೆರೆ ಹಾಕಿದ್ದು ಒಂದೇ.

ಮಾರ್ಚ್ ಹನ್ನೊಂದನ್ನೂ ಓದಿದೆ. ಶೀರಾಗೆ ತುಪ್ಪ ಜಾಸ್ತಿ ಆಗಿತ್ತು ಎಂದು ಬರೆದಿದ್ದೇನೆ. ತಿನ್ನದೆ ಹೇಗೆ ಗೊತ್ತಾಯಿತು? ಎರಡು ಚಪಾತಿ, ಶೀರಾ, ಮೂರು ಖರ್ಜೂರ, ಸಕ್ಕರೆ ಹಾಕಿದ ಟೀ. ಮೂರು ಗಂಟೆಯೂ ಆಗಿರಲಿಲ್ಲ, ಹೋಗಿ ಕೈ ಚಾಚಿದೆ. ಕೂತಾಗ ಅಭ್ಯಾಸಬಲದಿಂದಲ್ಲದೆ ಬೇರೆ ಯಾವ ಯೋಚನೆಯಿಂದಲೂ ಕೂರಲಿಲ್ಲ, ಅಲ್ಲಾಹನಾಣೆ. ಹತ್ತು ದಿನದಿಂದ ಆ ಹೊತ್ತಿಗೆ ತಿಂದ ಕೈ, ತಾನಾಗಿ ಹೋಯಿತು. ಆದರೆ ಲ್ಯಾಬಿನ ಮೆಟ್ಟಿಲು ಹತ್ತುವಾಗ ನೆನಪಾಯಿತು. ನೆನಪಾಗಿಯೂ ಹೂಂ ಎಂದೆ. ಪ್ರೇಮಲತಾ ಕೇಳಿದಾಗ ಇಲ್ಲ ಎಂದೆ.

ನನಗೆ ಭಯ. ಮತ್ತೆ ಹೊಟ್ಟೆ ಕೊಯ್ಯುತ್ತಾರೆ, ಮತ್ತೆ ರಕ್ತ ನಿಲ್ಲುವುದಿಲ್ಲ ಅಂತ ಭಯ. ನಾಲ್ಕು ತಿಂಗಳಲ್ಲಿ ಇಷ್ಟು ಪುಟ ಬರೆದಿದ್ದೇನೆ, ಈ ಒಂದು ಸಾಲು ಎಲ್ಲೂ ಇಲ್ಲ.

ಮೇ 21, ಬುಧವಾರ

ಬೆಳಗ್ಗೆ ಇವರು ಅಂಗಡಿಗೆ ಹೊರಡುವ ಮುಂಚೆ ಹೇಳಿಬಿಟ್ಟೆ. ಟೆಸ್ಟಿನ ದಿನ ನಾನು ಸಹರಿ ತಿಂದಿದ್ದೆ ಎಂದೆ. ಇವರು ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಹಾಗೇ ನಿಂತರು.

"ಗೊತ್ತು. ಫ್ರಿಜ್ ಮೇಲಿನ್ ಚೀಟಿ ನಾನೂ ಓದಿದ್ದೆ. ನೀನು ಮರ್ತು ಕೂತೆ. ನಾನು ಮರ್ತಿರ್ಲಿಲ್ಲ. ಗೊತ್ತಿದ್ದೇ ಖರ್ಜೂರದ್ ತಟ್ಟೆ ನಿನ್ ಕಡೆ ಸರಿಸ್ದೆ."

ಯಾಕೆ ಎಂದು ನಾನು ಕೇಳಲಿಲ್ಲ. ಕಾರಿಡಾರಿನ ಏಳು ಗಂಟೆ ಅವರ ಮುಖದ ಮೇಲೇ ಇತ್ತು. ಇವರೇ, ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ, ಅವನು ನಿನ್ನ ತಮ್ಮ, ಅದಕ್ಕೆ ಹಾಗೆ ಮಾಡಿದೆ, ತಪ್ಪಾಯಿತು ಎಂದರು. ಅತ್ತರು. ಮದುವೆಯಾಗಿ ಇಪ್ಪತ್ತೊಂದು ವರ್ಷದಲ್ಲಿ ಇವರು ಅತ್ತಿದ್ದನ್ನು ನಾನು ನೋಡಿರಲಿಲ್ಲ. ನನಗೂ ಭಯ ಎಂದೆ. ಹೀಗೆ ಇಬ್ಬರೂ ಒಂದೇ ಮಾತನ್ನು ಬೇರೆ ಬೇರೆ ಕಡೆ ಬಚ್ಚಿಟ್ಟುಕೊಂಡು ಒಂದೇ ತಟ್ಟೆಯಲ್ಲಿ ಉಂಡಿದ್ದೇವೆ. ಅಂಗಡಿ ಹನ್ನೊಂದಕ್ಕೆ ತೆರೆದರು.

ಪ್ರೇಮಲತಾಗೆ ಫೋನ್ ಮಾಡಿ ನಿಜ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಈ ಸಲ ಇಲ್ಲೇ ಬನ್ನಿ, ನನ್ನ ಕಣ್ಣ ಮುಂದೆ ಮಾಡಿಸೋಣ ಎಂದರು. ಕೊಡಲು ಮನಸ್ಸಿಲ್ಲದಿದ್ದರೆ ಹೇಳಿ, ಡಾಕ್ಟರೇ ಬೇರೆ ಏನಾದರೂ ಕಾರಣ ಹೇಳಿ ನಿಲ್ಲಿಸುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಹೇಳಿದರು. ಬರುತ್ತೇನೆ ಎಂದೆ.

ಜೀಶಾನನಿಗೂ ಹೇಳಿದೆ. ಪೂರ್ತಿ ಕೇಳಿಸಿಕೊಂಡ, ಯಾವಾಗಿನ ಹಾಗೆ. ಆಮೇಲೆ ಫೋನ್ ಇಟ್ಟುಬಿಟ್ಟ.

ಮೇ 22, ಗುರುವಾರ

ಫೋನ್ ಎತ್ತುತ್ತಿಲ್ಲ. ಸಿದ್ರಾಳೂ ಎತ್ತುತ್ತಿಲ್ಲ.

ಮೇ 24, ಶನಿವಾರ

ಡಯಾಲಿಸಿಸ್ ಹಾಸಿಗೆಯಿಂದಲೇ ಫೋನ್ ಮಾಡಿದ. ಮಿಷನ್ನಿನ ಸದ್ದು ಕೇಳುತ್ತಿತ್ತು. ತುಂಬ ಸಿಟ್ಟು ಬಂದಿತ್ತು, ಕುತ್ತಿಗೆಯ ಪೈಪು ಮುಟ್ಟಿಕೊಂಡಾಗಲೆಲ್ಲ ಈಗಲೂ ಬರುತ್ತದೆ ಎಂದ.

"ಭಯ ಆಗಿದ್ರೆ ಭಯ ಅನ್ಬೇಕಿತ್ತು ಆಪಾ. ನಾನ್ ಬಾ ಅಂತಿರ್ಲಿಲ್ಲ. ಈಗ್ಲೂ ಬೇಡ ಅನ್ಸಿದ್ರೆ ಬರ್ಬೇಡ."

"ಬರ್ತೀನಿ ಕಣೋ" ಎಂದೆ.

ಹಂಗಾದ್ರೆ ಕಿಡ್ನಿ ಒಂದು ಕೊಡು, ಪ್ಯಾಂಕ್ರಿಯಾಸ್ ನಿನ್ನ ಹತ್ರ ಒಂದೇ ಇರೋದು, ಅದನ್ನು ಇಟ್ಕೊ ಎಂದ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಹಬ್ಬದ ಶೀರ್ ಖುರ್ಮಾದ ಲೆಕ್ಕ ಮಾತ್ರ ಬಿಡುವುದಿಲ್ಲವಂತೆ. ಸಕ್ಕರೆ ಇಲ್ಲದ್ದನ್ನು ಇನ್ನು ಮೇಲೆ ಪ್ರತಿ ಈದ್‌ಗೆ ನಾನು ಅವನ ಜೊತೆ ತಿನ್ನಬೇಕು.

ಮೇ 27, ಮಂಗಳವಾರ

ಬೆಂಗಳೂರು. ನಿನ್ನೆ ಎಂಟಕ್ಕೇ ಊಟ ಮುಗಿಸಿದೆ. ಇವರು ಅಡುಗೆಮನೆಗೆ ಚಿಲಕ ಹಾಕಿ ಬೀಗ ಜಡಿದು ಬೀಗದ ಕೈ ಜೇಬಿಗೆ ಹಾಕಿಕೊಂಡರು. ನೀರಿಗೆ ಏನು ಮಾಡಲಿ ಎಂದರೆ ಬಾಟಲಿ ಹಾಸಿಗೆಯ ಪಕ್ಕದಲ್ಲೇ ಇತ್ತು. ಬರಿಹೊಟ್ಟೆಯದು ಎಂಬತ್ತೊಂಬತ್ತು, ಎರಡು ಗಂಟೆಯದು ನೂರ ಹದಿನಾರು. ಪ್ರೇಮಲತಾ ಕಾಗದವನ್ನು ನನ್ನ ಕೈಗೇ ಕೊಟ್ಟರು.

ಇನ್ನು ಕಾರಣಗಳು ಮುಗಿದವು.

ಜೂನ್ 20, ಶುಕ್ರವಾರ

ಅಂಗದಾನಕ್ಕೆ ಒಪ್ಪಿಗೆ ಕೊಡುವ ಕಮಿಟಿಯ ಮುಂದೆ ಕೂರಿಸಿ ಎಲ್ಲರನ್ನೂ ಕೇಳಿದರು. ಯಾರಾದರೂ ಒತ್ತಾಯ ಮಾಡಿದರಾ ಎಂದಾಗ ಇಲ್ಲ ಎಂದೆ. ಭಯ ಇದೆಯಾ ಎಂದರು. ಇದೆ ಎಂದೆ. ಬರೆದುಕೊಂಡರು, ಒಪ್ಪಿಗೆ ಸಿಕ್ಕಿತು. ಹೆರಿಗೆಯ ಹಳೆಯ ಕಾಗದಗಳನ್ನೂ ತರಿಸಿ ನೋಡಿದ್ದಾರೆ, ಅವತ್ತು ರಕ್ತ ಹೋಗಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲವಂತೆ. ಹಾಗೆಂದು ನಾನೂ ಬರೆದಿದ್ದೆ. ಡಾಕ್ಟರು ಹೇಳಿದಾಗ ನಂಬಿಕೆ ಬಂತು.

ಅಂಗಡಿಗೆ ಬೋರ್ಡು ಹಾಕಿದೆ: ಆಗಸ್ಟ್ ಹದಿನೈದರವರೆಗೆ ಹೊಲಿಗೆ ಇಲ್ಲ.

ಜುಲೈ 3, ಗುರುವಾರ

ಬೆಳಗ್ಗೆ ಆರೂಕಾಲು. ನನ್ನನ್ನು ಏಳಕ್ಕೆ ಕರೆದುಕೊಂಡು ಹೋಗುತ್ತಾರೆ, ಜೀಶಾನನನ್ನು ಆಮೇಲೆ. ಪಕ್ಕದ ರೂಮಿನಿಂದ ಗೋಡೆ ತಟ್ಟಿದ. ನಾನೂ ತಟ್ಟಿದೆ. ಪ್ಯಾಂಕ್ರಿಯಾಸ್‌ಗೆ ಅವನ ಹೆಸರು ಪಟ್ಟಿಯಲ್ಲಿ ಉಳಿದಿದೆ. ಆರು ತಿಂಗಳು ಬಿಟ್ಟು ನೋಡೋಣ ಎಂದಿದ್ದಾರೆ. ಸಿಕ್ಕರೂ ಸರಿ, ಸಿಗದಿದ್ದರೆ ಸೂಜಿ ಹೇಗೂ ಅಭ್ಯಾಸವಿದೆ ಎನ್ನುತ್ತಾನೆ.

ಭಯ ಹೋಗಿಲ್ಲ.

ನರ್ಸ್ ಬಂದು, ರಾತ್ರಿಯಿಂದ ಏನೂ ತಿಂದಿಲ್ಲ ತಾನೇ ಎಂದು ಕೇಳಿದಳು. ಇಲ್ಲ ಎಂದೆ. ಇವರೂ ಅದೇ ಹೊತ್ತಿಗೆ ಇಲ್ಲ ಎಂದರು. ಅವರನ್ನು ಯಾರೂ ಕೇಳಿರಲಿಲ್ಲ, ತಿನ್ನಬೇಡಿ ಎಂದು ಯಾರೂ ಹೇಳಿಯೂ ಇರಲಿಲ್ಲ. ಕೆಳಗೆ ಹೋಗಿ ಕಾಫಿಯಾದರೂ ಕುಡಿದು ಬನ್ನಿ ಎಂದೆ. ನೀನು ಎಚ್ಚರವಾದ ಮೇಲೆ ಒಟ್ಟಿಗೇ ಉಪವಾಸ ಬಿಡೋಣ ಎಂದರು.

ಪುಸ್ತಕವನ್ನು ಇವರ ಚೀಲಕ್ಕೆ ಹಾಕಬೇಕು. ಈಗ ಚೀಲ ತೆರೆದು ನೋಡಿದೆ. ಒಳಗೆ ಖರ್ಜೂರದ ಡಬ್ಬಿ ಇದೆ, ಮುಚ್ಚಳದ ಸುತ್ತ ಅಂಗಡಿಯ ಕರಿ ಟೇಪನ್ನು ಮೂರು ಸುತ್ತು ಸುತ್ತಿದ್ದಾರೆ.